ಕ್ಯಾನ್ಸರ್ ಎಂದು ರೋಗಿಗೇ ಹೇಳಬೇಕೆ, ಮನೆಯವರಿಗೆ ಹೇಳಿದರೆ ಸಾಕೆ?

ಪರ: ಮೊದಲು ರೋಗಿಗೆ ಹೇಳಿ

ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ರಿಪೋರ್ಟ್ ಬಂದ ದಿನ ಹುಬ್ಬಳ್ಳಿಯ ಓಪಿಡಿಯಲ್ಲಿ ಮೊದಲು ಒಳಗೆ ಬರುವವನು ಎಷ್ಟೋ ಸಲ ಮಗ, ಇಲ್ಲವೇ ಅಳಿಯ. ‘ಸಾಹೇಬ್ರ, ಅಪ್ಪಗ ಹೇಳಬ್ಯಾಡ್ರಿ, ಎದಿ ಒಡ್ಕೋತಾನ. ಬರೇ ಹುಣ್ಣು ಐತಿ ಅನ್ರಿ.’ ಕೇಳುವುದು ಪ್ರೀತಿಯಿಂದಲೇ. ಆದರೆ ಅದಕ್ಕೆ ಹೂಂ ಅನ್ನುವ ಹಕ್ಕು ವೈದ್ಯರಿಗಿಲ್ಲ.

ಅರಿವಳಿಕೆಯಲ್ಲಿದ್ದ 44 ವರ್ಷದ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ, ಆ ಒಪ್ಪಿಗೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಬುದ್ಧಿ ನೆಟ್ಟಗಿರುವ ವಯಸ್ಕರ ಪರವಾಗಿ ಹೆತ್ತವರೂ ಸಹಿ ಹಾಕುವಂತಿಲ್ಲ. ಚಿಕಿತ್ಸೆ ಯಾವುದು, ಲಾಭವೇನು, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಬಾಯಲ್ಲಿ ಬರೀ ಹುಣ್ಣಿದೆ ಎಂದು ನಂಬಿದವನಿಗೆ ದವಡೆಯ ಭಾಗ ತೆಗೆಯಬೇಕೆಂದು ಹೇಗೆ ವಿವರಿಸುತ್ತೀರಿ?

ಮುಚ್ಚಿಟ್ಟರೆ ಚಿಕಿತ್ಸೆಯೇ ಕೆಡುತ್ತದೆ. ಕ್ಯಾನ್ಸರಿನ ಔಷಧ ಕೀಮೋ ಕೊಟ್ಟ ಒಂದೆರಡು ವಾರದಲ್ಲಿ ಸೋಂಕು ತಡೆಯುವ ಬಿಳಿ ರಕ್ತಕಣ ಇಳಿಯುತ್ತವೆ. ಆಗ 100.4 ಡಿಗ್ರಿ ಜ್ವರ ಕಂಡರೂ ತಡಮಾಡದೆ ಆಸ್ಪತ್ರೆಗೆ ಬರಬೇಕು. ಶಕ್ತಿಗೆ ಸಲೈನ್ ಏರಿಸಿದ್ದಾರೆ ಅಂದುಕೊಂಡವನು ಊರಿನ ಅಂಗಡಿಯ ಜ್ವರದ ಗುಳಿಗೆ ನುಂಗಿ ಹೊದ್ದು ಮಲಗುತ್ತಾನೆ. ಜನ ‘ಕರೆಂಟ್’ ಎನ್ನುವ ರೇಡಿಯೇಷನ್ನಿನದೂ ಇದೇ ಕಥೆ. ಬಾಯಿಯ ಕ್ಯಾನ್ಸರಿಗಾದರೆ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ನಡೆಯಬೇಕಾದದ್ದು. ಎರಡು–ಮೂರನೇ ವಾರಕ್ಕೆ ಬಾಯೆಲ್ಲ ಕೆಂಪಾಗಿ ಅನ್ನ ನುಂಗಲಾಗುವುದಿಲ್ಲ. ‘ಇದ್ದ ಹುಣ್ಣು ಹೆಚ್ಚಾತು’ ಎಂದು ಬಸ್ಸು ಹತ್ತಿ ಹಾವೇರಿಗೋ ರೋಣಕ್ಕೋ ಹೊರಟುಬಿಡುತ್ತಾರೆ. ನಡುವೆ ಬಿಟ್ಟ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ.

ಇನ್ನೂ ಒಂದು. ಗುಣವಾಗುವ ಆಸೆ ಇಲ್ಲದಾಗ ವೆಂಟಿಲೇಟರ್ ಬೇಡವೆಂದು ಇಬ್ಬರು ಸಾಕ್ಷಿಗಳೆದುರು ಮೊದಲೇ ಬರೆದಿಡಲು ಕಾನೂನಿನ ಅವಕಾಶವಿದೆ. ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆ ಬಗ್ಗೆ ಸುತ್ತೋಲೆಯನ್ನೂ ಹೊರಡಿಸಿದೆ. ರೋಗವೇ ಗೊತ್ತಿಲ್ಲದವರು ಏನೆಂದು ಬರೆದಿಡಬೇಕು?

ವಿರೋಧ: ಮೊದಲು ಕೇಳಿ

ಸುಳ್ಳು ಹೇಳಬಾರದು, ಮಗನ ಸಹಿಯಿಂದ ಅಪ್ಪನ ಆಪರೇಷನ್ ಮಾಡಬಾರದು. ಇವೆರಡರಲ್ಲಿ ತಕರಾರಿಲ್ಲ. ತಕರಾರಿರುವುದು ‘ಹೇಳಲೇಬೇಕು’ ಎಂಬ ಹಟದ ಬಗ್ಗೆ.

ವೈದ್ಯರ ನಡಾವಳಿಯ 2002ರ ನಿಯಮಗಳು ರೋಗದ ತೀವ್ರತೆಯನ್ನು ಹಿಗ್ಗಿಸಲೂ ಬೇಡಿ, ಕುಗ್ಗಿಸಲೂ ಬೇಡಿ ಎನ್ನುತ್ತವೆ. ಆದರೆ ತಿಳಿದಿರಬೇಕಾದವರು ಯಾರು ಎಂಬಲ್ಲಿ ರೋಗಿ, ಸಂಬಂಧಿಕರು ‘ಅಥವಾ’ ಜವಾಬ್ದಾರಿಯುಳ್ಳ ಸ್ನೇಹಿತರು ಎಂದಿದೆ. 2008ರ ತೀರ್ಪು ಕೂಡ ದೂರದ, ಬರೀ ಪುಸ್ತಕದಲ್ಲಿರುವ ಅಪಾಯಗಳನ್ನೆಲ್ಲ ಹೇಳಬೇಕಿಲ್ಲ ಎನ್ನುತ್ತದೆ. ‘ನನಗೇನ ಹೇಳ್ತೀರಿ, ನನ್ನ ಮಗಗ ಹೇಳ್ರಿ’ ಎನ್ನುವ ಅಜ್ಜಿಯೂ ತನ್ನ ಹಕ್ಕನ್ನೇ ಚಲಾಯಿಸುತ್ತಿದ್ದಾಳೆ. ಅವಳ ಕಿವಿಗೆ ಒತ್ತಾಯದಿಂದ ಸುರಿದರೆ ಯಾರ ಹಕ್ಕು ಕಾಪಾಡಿದಂತಾಯಿತು?

ಜಾಗವನ್ನೂ ನೋಡಿ. ಒಂದೇ ಪರದೆ, ಬೆನ್ನ ಹಿಂದೆ ಚೀಟಿ ಹಿಡಿದು ನಿಂತ ನಾಲ್ಕು ಜನ, ಸಿಗುವ ಸಮಯ ಎರಡು ನಿಮಿಷ. ಅಲ್ಲಿ ‘ನಿಮಗ ಕ್ಯಾನ್ಸರ್ ಅದ’ ಎಂದರೆ ಕಾನೂನು ಪಾಲಿಸಿದಂತಾಗಬಹುದು, ರೋಗಿಯ ತಲೆಗೆ ಮುಂದಿನ ಒಂದು ಮಾತೂ ಹೋಗುವುದಿಲ್ಲ.

ಮನೆಯವರನ್ನು ಹೊರಗೆ ಕೂರಿಸಿ ಮೊದಲು ರೋಗಿಯನ್ನೇ ಕೇಳಬೇಕು: ‘ನಿಮಗ ಏನಾಗೇದ ಅಂತ ತಿಳ್ಕೊಂಡೀರಿ? ಎಷ್ಟು ತಿಳೀಬೇಕು ಅಂತೀರಿ?’ ಬಂದ ಉತ್ತರವನ್ನೂ ‘ಇವರಿಗೆ ಹೇಳ್ರಿ’ ಎಂದು ಅವರು ಬೆರಳು ಮಾಡಿದ ವ್ಯಕ್ತಿಯ ಹೆಸರನ್ನೂ ಕೇಸ್‌ಶೀಟಿನಲ್ಲಿ ಬರೆದು ರೋಗಿಯ ಸಹಿ ಪಡೆಯಬೇಕು. ಬೇಡ ಎಂದವರಿಗೂ ಯಾವ ಭಾಗ ತೆಗೆಯುತ್ತಾರೆ, ಯಾವ ಜ್ವರಕ್ಕೆ ಓಡಿಬರಬೇಕು ಎಂಬಷ್ಟು ಹೇಳಲೇಬೇಕು. ಜ್ವರದ ಎಚ್ಚರಿಕೆಗೆ ರೋಗದ ಹೆಸರು ಬೇಕಿಲ್ಲ. ಪ್ರತಿ ಹೊಸ ಹಂತಕ್ಕೂ ಮತ್ತೆ ಕೇಳಬೇಕು, ಏಕೆಂದರೆ ಮೊದಲ ದಿನ ಬೇಡವೆಂದವರು ಕೂದಲು ಉದುರತೊಡಗಿದಾಗ ತಾವಾಗಿ ಕೇಳುವುದುಂಟು.

ಇದನ್ನೆಲ್ಲ ಬರೆದಿಡದಿದ್ದರೆ ಪೆಟ್ಟು ಬೀಳುವುದು ರಾತ್ರಿ ಪಾಳಿಯ ಸಿಸ್ಟರ್‌ಗೆ. ಸಲೈನ್ ಬದಲಿಸುವಾಗ ‘ಸಿಸ್ಟರ್, ಇದು ಆ ರೋಗನ ಏನ್ರೀ?’ ಎಂದು ಕೇಳಿದರೆ ಆಕೆ ಅಲ್ಲವೆನ್ನುವಂತಿಲ್ಲ, ಹೌದೆನ್ನುವ ಕೆಲಸವೂ ಆಕೆಯದಲ್ಲ. ‘ಯಾಕ ಹಂಗ ಅನಸ್ತದ್ರಿ?’ ಎಂದು ಕೂತು ಕೇಳಿಸಿಕೊಂಡು, ಬೆಳಗಿನ ರೌಂಡ್ಸ್‌ನಲ್ಲಿ ಡಾಕ್ಟರಿಗೆ ಮುಟ್ಟಿಸಬೇಕು.