ಮಾನಿಟರ್‌ನಲ್ಲಿ ಚಿತ್ರ ಬಂದರೆ ಸಾಕಾ?

ಟಿವಿ ಸ್ಟುಡಿಯೋದ ವಿಡಿಯೋ ರೂಟರ್‌ನ (ಯಾವ ಸಿಗ್ನಲ್ ಎಲ್ಲಿಗೆ ಹೋಗಬೇಕೆಂದು ಬದಲಿಸುವ ಪೆಟ್ಟಿಗೆ) ಮಾನಿಟರಿಂಗ್ ಔಟ್‌ಪುಟ್‌ನಲ್ಲಿ, ಅಂದರೆ ನೋಡಿ ಪರೀಕ್ಷಿಸಲು ಇರುವ ಔಟ್‌ಪುಟ್‌ನಲ್ಲಿ, ಚಿತ್ರ ಸರಿಯಿದ್ದರೆ ರೂಟರ್ ಸರಿಯಿದೆ ಎಂದು ಬರೆದಿದ್ದೀರಿ. ಇದನ್ನು ಒಪ್ಪೋದು ಕಷ್ಟ. ಎಷ್ಟೋ ಮಾಡ್ಯುಲರ್ (ಕಾರ್ಡುಗಳನ್ನು ಜೋಡಿಸಿ ಮಾಡಿದ) ರೂಟರ್‌ಗಳಲ್ಲಿ ಮಾನಿಟರಿಂಗ್‌ಗೆ ಸಿಗ್ನಲ್ ತೆಗೆಯುವುದು ಔಟ್‌ಪುಟ್ ಕಾರ್ಡಿನ ಕೇಬಲ್ ಡ್ರೈವರ್‌ಗಿಂತ (ಸಿಗ್ನಲ್ಲನ್ನು ಕೇಬಲ್‌ಗೆ ಕಳಿಸುವ ಸರ್ಕ್ಯೂಟ್) ಮೊದಲೇ. ಆ ಡ್ರೈವರ್ ಕೆಟ್ಟರೆ ಮಾನಿಟರ್‌ನಲ್ಲಿ ಚಂದದ ಚಿತ್ರ, ಹೊರಗಿನ ಕೇಬಲ್‌ನಲ್ಲಿ ಏನೂ ಇಲ್ಲ! ಜೊತೆಗೆ ಎಸ್‌ಡಿಐ (ಕೇಬಲ್‌ನಲ್ಲಿ ಸಾಗುವ ಡಿಜಿಟಲ್ ವಿಡಿಯೋ) ಸಿಗ್ನಲ್ ಅನಲಾಗ್ ತರಹ ನಿಧಾನಕ್ಕೆ ಹಾಳಾಗುವುದಿಲ್ಲ. ಕೇಬಲ್ ಉದ್ದ ಮಿತಿ ಮುಟ್ಟುವವರೆಗೂ ಚಿತ್ರ ಚೊಕ್ಕವಾಗಿಯೇ ಇರುತ್ತದೆ, ಆಮೇಲೆ ಕೆಲವೇ ಮೀಟರ್‌ಗಳಲ್ಲಿ ಕುಸಿಯುತ್ತದೆ. ಕಣ್ಣಿಗೆ ಅದು ಮುಂಚೆ ಗೊತ್ತಾಗಲ್ಲ. ಸೆಕೆಂಡಿಗೆ 1.485 ಗಿಗಾಬಿಟ್‌ನ ಎಚ್‌ಡಿ ಸಿಗ್ನಲ್‌ನಲ್ಲಿ ಪ್ರತಿ ಗೆರೆಗೂ ಸಿಆರ್‌ಸಿ (ಡೇಟಾ ದಾರಿಯಲ್ಲಿ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇರುತ್ತದೆ, ಅಲ್ವಾ? ಆ ತಪ್ಪುಗಳ ಲೆಕ್ಕ ನೋಡಿ, ಅದೂ ಸಿಗ್ನಲ್ ತಲುಪುವ ತುದಿಯಲ್ಲಿ. ಹಾಗಂತ ಸಿಆರ್‌ಸಿ ಒಂದೇ ಸಾಲದು: ಕಪ್ಪಾದ, ಫ್ರೀಜ್ ಆದ ಚಿತ್ರಕ್ಕೂ ಅದು ಸರಿಯಾಗಿಯೇ ಬರುತ್ತದೆ.