ತಲೆಯ ಮೇಲಿನ ಹಂಚು ಮತ್ತು 994433

ಇವತ್ತಿನ ಜೂರಿ, ಅಂದರೆ ವಿದ್ಯಾರ್ಥಿಗಳ ವಿನ್ಯಾಸಗಳನ್ನು ನೋಡಿ ಅಂಕ ಕೊಡುವ ಕೆಲಸ, ಮುಗಿಸಿ ಬಂದು ಎರಡು ಲೋಟ ಕಷಾಯ ಕುಡಿದೆ. ಸಿಟ್ಟು ಇಳಿಯಲಿಲ್ಲ. ಇನ್ನು ನೀವೇ ಗತಿ.

ಇಂಟೀರಿಯರ್ ಡಿಸೈನ್ ಓದುವ ಹುಡುಗಿಯೊಬ್ಬಳು ಹೋಮ್‌ಸ್ಟೇಯ ಚಾವಡಿಗೆ 'ಮಂಗಳೂರು ಹಂಚಿನ ಬಣ್ಣ' ಆರಿಸಿದ್ದಳು. ಯೋಚನೆ ಚೆನ್ನಾಗಿಯೇ ಇತ್ತು. ಎಲ್ಲಿಂದ ತೆಗೆದೆ ಎಂದು ಕೇಳಿದೆ. "ಆ್ಯಪ್‌ಗೆ ಒಂದು ಫೋಟೋ ಹಾಕಿದೆ ಮೇಡಂ, ಅದೇ ಕೊಟ್ಟಿತು. 994433." ಕಂಪ್ಯೂಟರು ಒಂದು ಬಣ್ಣವನ್ನು ಗುರುತಿಸುವ ಕೋಡ್ ಅದು.

ನಾವು ಕುಳಿತಿದ್ದದ್ದು ಹಂಚಿನ ಮಾಡಿನ ಕೆಳಗೆ! ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಶೆಡ್ಡಿನ ಹಂಚು ಮುಟ್ಟಬಹುದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಊರಿದು. ಇಲ್ಲಿಯೇ ಬೆಳೆದ ಹುಡುಗಿ ಹಂಚಿನ ಬಣ್ಣವನ್ನು ಅಂತರ್ಜಾಲದಿಂದ ಆಮದು ಮಾಡಿಕೊಳ್ಳುತ್ತಾಳೆ.

ಅದಾದರೂ ಇರಲಿ. ಅವಳ ಲ್ಯಾಪ್‌ಟಾಪಿನಲ್ಲಿ ಹಂಚಾಗಿದ್ದದ್ದು ಪ್ರೊಜೆಕ್ಟರಿನಲ್ಲಿ ಪೇರಳೆ ಹಣ್ಣಿನ ತಿರುಳಾಗಿತ್ತು, ನನ್ನ ಮೊಬೈಲಿನಲ್ಲಿ ಬ್ಯಾಡಗಿ ಮೆಣಸಿನ ಗಸಿ. "ಇದರಲ್ಲಿ ಗೋಡೆಗೆ ಬರುವುದು ಯಾವುದು?" ಎಂದೆ. "ಕೋಡ್ ಒಂದೇ ಅಲ್ಲವೇ ಮೇಡಂ?"

ಕೋಡ್ ಒಂದೇ, ತಾಯಿ. ಆದರೆ ಪರದೆ ತಾನೇ ಬೆಳಕು ಚೆಲ್ಲುತ್ತದೆ. ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ನುಂಗಿ ಉಳಿದದ್ದನ್ನು ಮರಳಿಸುತ್ತದೆ. ಆಷಾಢದಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಾಕುವ ನಮ್ಮ ಮನೆಗಳ ಗೋಡೆಗೆ ಬೀಳುವುದಾದರೂ ಎಷ್ಟು? ಬೆಳಕಿನ ಬಣ್ಣವನ್ನು ಕೆಲ್ವಿನ್ನಿನಲ್ಲಿ ಅಳೆಯುತ್ತಾರೆ: 3000 ಕೆಲ್ವಿನ್ನಿನ ಹಳದಿ ಬಲ್ಬಿನಡಿ ಒಂದು ಕೆಂಪು, 6500ರ ಬಿಳಿ ಟ್ಯೂಬಿನಡಿ ಬೇರೆಯೇ ಕೆಂಪು. ಅಷ್ಟಕ್ಕೂ ಆ ಫೋಟೋದಲ್ಲಿದ್ದದ್ದು ಮಳೆಗೆ ನೆನೆದ ಹಂಚೋ, ಏಪ್ರಿಲಿನ ಹಂಚೋ, ಪಾಚಿ ಹಿಡಿದದ್ದೋ? ಅವಳು ನೋಡಿಯೇ ಇರಲಿಲ್ಲ.

ಸಹೋದ್ಯೋಗಿಯೊಬ್ಬರು ಅವಳ ಪರ ನಿಂತರು. ಅಡೋಬಿ ಕಲರ್‌ನಂಥ ಬಣ್ಣ ಆರಿಸುವ ತಂತ್ರಾಂಶದಲ್ಲಿ ಬಣ್ಣದ ಚಕ್ರ ತಿರುಗಿಸಿದರೆ ಎದುರು ಬಣ್ಣ ಯಾವುದು, ನೆರೆಯ ಬಣ್ಣ ಯಾವುದು ಎಂದು ಕ್ಷಣದಲ್ಲಿ ತಿಳಿಯುತ್ತದೆ, ಪೋಸ್ಟರ್ ಕಲರಿನ ಖರ್ಚೂ ಇಲ್ಲ ಎಂದರು. ಒಪ್ಪಿದೆ. ನಾನೂ ದಿನಾ ಬಳಸುತ್ತೇನೆ. ಪರದೆಗೆ 1,67,77,216 ಬಣ್ಣಗಳ ಲೆಕ್ಕವಿದೆ ಎಂದೂ ಹೇಳಿದರು. ಇರಲಿ, ನಮ್ಮ ಚಾವಡಿಗೆ ಬೇಕಾದದ್ದು ಒಂದು. ಅದನ್ನು ಗೋಡೆಯಲ್ಲಿ ಎರಡಡಿ ಚೌಕ ಬಳಿದು, ಒಣಗಲು ಬಿಟ್ಟು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡಲು ಯಾವ ಸೆಮಿಸ್ಟರಿನಲ್ಲೂ ಪುರುಸೊತ್ತಿಲ್ಲ. ಸ್ಲೈಡಿಗೆ ಮಾತ್ರ ಇಪ್ಪತ್ತು ಅಂಕ!

ಇಷ್ಟು ಹಾರಾಡಿದ ಮೇಲೆ ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಉಡುಪಿಯ ಮನೆಯಲ್ಲಿ ಅಮ್ಮನ ಕೋಣೆಗೆ ನಾನೇ ಲ್ಯಾಪ್‌ಟಾಪ್ ನೋಡಿ ತಿಳಿಹಸಿರು ಆರಿಸಿದ್ದೆ. "ಒಂದು ಸ್ಯಾಂಪಲ್ ಹೊಡೆದು ನೋಡುವ ಅಕ್ಕ" ಎಂದು ಪೇಂಟರ್ ಅಂದೇ ಹೇಳಿದ್ದರು. ನನಗೆ ಮಂಗಳೂರು ಬಸ್ಸಿನ ಅವಸರ. ಮುಂದಿನ ವಾರ ಹೋದಾಗ ಅಮ್ಮ ಟ್ಯೂಬ್‌ಲೈಟಿನಡಿ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದರು. ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದರು: "ಡಾಕ್ಟರು ಎಷ್ಟು ಗಂಟೆಗೆ ಬರುತ್ತಾರೆ?"

ಈಗಲೂ ಕೇಳುತ್ತಾರೆ. ನೆಂಟರು ಬಂದಿದ್ದರೆ ಸ್ವಲ್ಪ ಜೋರಾಗಿಯೇ.