ಲೈಸೆನ್ಸ್ ಯಾರ ತಲೆಗೆ?

ಯಾವ್ದೋ ಹೋಟೆಲ್‌ಗೆ ಬೀಗ ಹಾಕಿದ್ರು ಅಂತ ವಿಡಿಯೋ ಬಂದ್ರೆ ಸಾಕು, ಕಾಮೆಂಟಲ್ಲಿ ಎರಡೇ ಪಾರ್ಟಿ. "ಲೈಸೆನ್ಸ್ ಇಲ್ದೆ ಯಾಕೆ ತೆಗೆದ, ಹಂಗೇ ಆಗ್ಬೇಕು" ಅನ್ನೋರು ಒಂದ್ಕಡೆ, "ಬಡವ್ರ ಹೊಟ್ಟೆ ಮೇಲೆ ಹೊಡೀತಾರೆ" ಅನ್ನೋರು ಇನ್ನೊಂದ್ಕಡೆ. ಸಣ್ಣ ಹೋಟೆಲು, ಬೇಕರಿಗಳ ಲೆಕ್ಕ ಬರೆಯೋ ಕೆಲಸ ನಂದು. ನಾನು ನೋಡಿರೋ ಪ್ರಕಾರ ಈ ಗಲಾಟೇಲಿ ಒಬ್ಬ ಮಾತ್ರ ಆರಾಮಾಗಿ ತಪ್ಪಿಸ್ಕೋತಾನೆ, ಬಿಲ್ಡಿಂಗ್ ಓನರ್ರು.

ಕಾನೂನು ಹಿಡಿಯೋದು ವ್ಯಾಪಾರ ಮಾಡೋನ್ನ, ಅದ್ರಲ್ಲಿ ಡೌಟೇ ಇಲ್ಲ. ಟ್ರೇಡ್ ಲೈಸೆನ್ಸ್, ಅಂದ್ರೆ ವ್ಯಾಪಾರ ನಡೆಸೋಕೆ ಪಾಲಿಕೆ ಕೊಡೋ ಪರವಾನಗಿ, ಅದರ ಕಾನೂನು ಇರ್ಲಿ, 2006ರ ಆಹಾರ ಸುರಕ್ಷತೆ ಕಾಯ್ದೆ ಇರ್ಲಿ, "ಗೊತ್ತಿರ್ಲಿಲ್ಲ ಸಾರ್" ಅಂದ್ರೆ ನಡೆಯಲ್ಲ. ಅಡುಗೆಮನೆ ಕ್ಲೀನ್ ಇಡೋದು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ರಿಜಿಸ್ಟ್ರೇಷನ್ ಮಾಡ್ಸೋದು, ಸಿಲಿಂಡರ್ ಎಲ್ಲಿಡ್ಬೇಕೋ ಅಲ್ಲೇ ಇಡೋದು, ಇದೆಲ್ಲ ಅವನ ಕೈಲೇ ಇರೋದು, ಮಾಡ್ಲೇಬೇಕು. 2018ರ ಜನವರಿಲಿ ಕಲಾಸಿಪಾಳ್ಯದ ಬಾರಲ್ಲಿ ಬೆಂಕಿ ಬಿದ್ದು ಒಳಗೆ ಮಲಗಿದ್ದ 5 ಜನ ಕೆಲಸದವ್ರು ಹೋಗ್ಬಿಟ್ರು, ಅಂಥದ್ದು ನೋಡಿದ್ಮೇಲೂ "ಪೇಪರ್ ತಾನೇ" ಅನ್ನೋರಿಗೆ ಏನ್ ಹೇಳೋದು.

ಆದ್ರೆ ಜಾಗದ ವಿಷ್ಯ ಅವನ ಕೈಲಿ ಎಲ್ಲಿರತ್ತೆ? ಅಡ್ವಾನ್ಸ್ ತಗೊಳೋವಾಗ ಓನರ್ ಹೇಳೋದು ಒಂದೇ ಮಾತು, "ಹಿಂದಿನವ್ರೂ ಬೇಕರಿನೇ ಇಟ್ಟಿದ್ರು, ಯಾರೂ ಏನೂ ಕೇಳಲ್ಲ." ಇವನು ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಟೈಲ್ಸ್ ಹಾಕ್ಸಿ, ಚಿಮ್ನಿ ಇಟ್ಟು ಆಮೇಲೆ ಟ್ರೇಡ್ ಲೈಸೆನ್ಸ್‌ಗೆ ಓಡಾಡ್ತಾನೆ. ಬೆಂಗಳೂರಲ್ಲಿ ರೆಸಿಡೆನ್ಶಿಯಲ್ ಏರಿಯಾ, ರೋಡು 40 ಅಡಿಗಿಂತ ಚಿಕ್ಕದು ಅಂದ್ರೆ ಹೋಟೆಲ್‌ಗೆ ಲೈಸೆನ್ಸ್ ಸಿಗೋದೇ ಕಷ್ಟ. ಹೋಗ್ಲಿ, ರೋಡು ಸರಿಯಿದೆ ಅಂತಾನೇ ಇಟ್ಕೊಳಿ, ಕಂದಾಯ ಕಟ್ಟಿದ ರಸೀದಿ ಕೊಡಿ ಅಂತ ಓನರ್ ಮನೆ ಬಾಗ್ಲಿಗೆ ಹೋದ್ರೆ ಅವ್ರು ಇವತ್ತು ಬಾ ನಾಳೆ ಬಾ ಅಂತಾರೆ. ಯಾಕೆ ಅಂದ್ರೆ ಆ ರಸೀದಿಲಿ ಬಿಲ್ಡಿಂಗು ಇನ್ನೂ "ವಾಸದ ಮನೆ", ಅಂಗಡಿ ಅಂತ ತೋರ್ಸಿದ್ರೆ ತೆರಿಗೆ ಜಾಸ್ತಿ ಆಗತ್ತೆ! ಬಾಡಿಗೆ ಮಾತ್ರ ಅಂಗಡಿ ರೇಟಲ್ಲೇ ಬರ್ಬೇಕು ಇವ್ರಿಗೆ.

ಇನ್ನು ಲೈಸೆನ್ಸ್ ಮಾಡ್ಸಿಕೊಡೋ ಏಜೆಂಟ್‌ಗಳು. ನಾವು ಮಾಡ್ಸೋ ಕಾಲಕ್ಕೆ ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಷನ್ ಫೀಸು ವರ್ಷಕ್ಕೆ 100 ರೂಪಾಯಿ, ಅದಕ್ಕೆ ಸಾವಿರಗಟ್ಲೆ ಇಸ್ಕೊಂಡ್ರು, ಅದು ಹೋಗ್ಲಿ ಬಿಡಿ, ಓಡಾಟದ ಕೂಲಿ ಅನ್ಕೊಳಣ. ಫಾರ್ಮಲ್ಲಿ ಹಾಕಿದ್ದು ಯಾರ ಮೊಬೈಲ್ ನಂಬರ್ರು? ಏಜೆಂಟ್‌ದು. ಮೆಸೇಜು, ನೋಟಿಸು ಎಲ್ಲ ಅವನಿಗೇ ಹೋಗತ್ತೆ, ಅವನು ಆ ಸಿಮ್ ಬಿಸಾಕಿ ಬೇರೆ ಕೆಲಸ ಹಿಡಿದಿರ್ತಾನೆ. ಸ್ವಿಗ್ಗಿ ಜೊಮ್ಯಾಟೊದವ್ರು ಲೈಸೆನ್ಸ್ ಸರಿಯಿಲ್ಲ ಅಂತ ಆರ್ಡರ್ ನಿಲ್ಸಿದಾಗ್ಲೇ ಅಂಗಡಿಯವ್ರಿಗೆ ಗೊತ್ತಾಗೋದು. ದಯವಿಟ್ಟು ನಿಮ್ಮ ನಂಬರ್ ಹಾಕ್ಸಿ ಮಾರಾಯ್ರೇ.

ದೊಡ್ಡ ಕಂಪನಿಗಳದ್ದು ಇನ್ನೊಂದು ಆಟ. ಆಹಾರ ಕಾಯ್ದೆ 66ನೇ ಸೆಕ್ಷನ್ ಪ್ರಕಾರ ಬ್ರಾಂಚಿಗೆ ಒಬ್ಬರನ್ನ ನಾಮಿನಿ ಮಾಡ್ಬಹುದು, ಆ ಬ್ರಾಂಚಲ್ಲಿ ಏನಾದ್ರೂ ತಪ್ಪಾದ್ರೆ ಜವಾಬ್ದಾರಿ ಅವರದ್ದು. ಬ್ರಾಂಚ್ ಮ್ಯಾನೇಜರ್ ಹುಡುಗನ ಕೈಲಿ ಸೈನ್ ಹಾಕ್ಸಿರ್ತಾರೆ, ಅವನು ಅದನ್ನ ಜಾಯ್ನಿಂಗ್ ಪೇಪರ್ ಅನ್ಕೊಂಡಿರ್ತಾನೆ. ಫ್ರಿಡ್ಜ್ ರಿಪೇರಿಗೆ ದುಡ್ಡು ಬೇಕು ಅಂದ್ರೆ ಹೆಡ್ಡಾಫೀಸಿಗೆ ಮೇಲ್ ಹಾಕಿ ಕಾಯ್ಬೇಕಾದ ಹುಡುಗ ಅವನು. ಡೈರೆಕ್ಟರ್ ಒಪ್ಪಿಗೆಯಿಂದ ಅಥವಾ ನಿರ್ಲಕ್ಷ್ಯದಿಂದ ಆಗಿದ್ರೆ ಅವರನ್ನೂ ಹಿಡೀಬಹುದು ಅಂತ ಅದೇ ಸೆಕ್ಷನ್ ಹೇಳತ್ತೆ, ಅದನ್ನ ಆ ಹುಡುಗನಿಗೆ ಯಾರೂ ಓದಿ ಹೇಳಿರಲ್ಲ.

ನಾನು ಹೇಳೋದಿಷ್ಟೇ, ಟ್ರೇಡ್ ಲೈಸೆನ್ಸ್ ಅರ್ಜಿಲಿ ಬಿಲ್ಡಿಂಗ್ ಓನರ್‌ದೂ ಸೈನ್ ಇರ್ಲಿ, ಜಾಗದ ತಕರಾರಿಂದ ರಿಜೆಕ್ಟ್ ಆದ್ರೆ ದಂಡ ಅವರೂ ಕಟ್ಲಿ. ಸರ್ಕಾರ ಮಾಡೋ ತನಕ ಕಾಯ್ಬೇಡಿ, ಅಗ್ರಿಮೆಂಟಲ್ಲೇ "ಲೈಸೆನ್ಸ್ ಸಿಗದಿದ್ರೆ ಪೂರ್ತಿ ಅಡ್ವಾನ್ಸ್ ವಾಪಸ್" ಅಂತ ಒಂದು ಸಾಲು ಬರೆಸಿ. ಓನರ್ ಒಪ್ಲಿಲ್ವಾ, ಮುಂದಿನ ಕ್ರಾಸಲ್ಲಿ ಇನ್ನೊಂದು ಟು-ಲೆಟ್ ಬೋರ್ಡ್ ಇದ್ದೇ ಇರತ್ತೆ.